ಎಂಸಿಬಿ ಹಾಕಿಸಿದರೆ ಕೆಲಸ ಮುಗಿಯಲಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಹಳೆಯ ಮನೆಗಳ ಮರದ ಹಲಗೆಯ ಮೇಲಿದ್ದ ಕಿಟ್‌ಕ್ಯಾಟ್ ಫ್ಯೂಸುಗಳನ್ನು ಕಿತ್ತು ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ‘ಬೀಳುವ’, ಅಂದರೆ ಆಫ್ ಆಗುವ ಸ್ವಿಚ್ಚು) ಇರುವ ಹೊಸ ಡಿಬಿ (ಮನೆಯ ಲೈನುಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆ) ಕೂರಿಸುವ ಕೆಲಸ ಈಗ ಎಲ್ಲ ಊರುಗಳಲ್ಲೂ ನಡೆಯುತ್ತಿದೆ. ಒಳ್ಳೆಯದೇ. ಆದರೆ ಬಹಳ ಕಡೆ ಅರ್ಧ ದಿನದಲ್ಲಿ ಪೆಟ್ಟಿಗೆ ಮಾತ್ರ ಬದಲಾಗುತ್ತದೆ. ಹಿಂದಿನ ವೈರು, ನ್ಯೂಟ್ರಲ್, ಅರ್ಥ್ ಎಲ್ಲ ಹಾಗೇ ಉಳಿಯುತ್ತವೆ. ಕರೆಂಟ್ ಸೋರಿದರೆ ಆಫ್ ಆಗುವ ಆರ್‌ಸಿಸಿಬಿಯನ್ನೂ ಹಾಕಿ ಎಂದರೆ ‘ಅದು ಸುಮ್ಮಸುಮ್ಮನೆ ಬೀಳುತ್ತೆ, ಬೇಡ ಬಿಡಿ’ ಎಂಬ ಉತ್ತರ. ಕೊನೆಗೆ ಮನೆಯವರಿಗೆ ಸಿಗುವುದು ಹೊಸ ಡಿಬಿ ಇದೆ ಎಂಬ ಧೈರ್ಯ ಮಾತ್ರ. ಹಳೆ ಫ್ಯೂಸಿನ ಬಗ್ಗೆ ಇದ್ದ ಭಯವೇ ಅದಕ್ಕಿಂತ ಮೇಲು.

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಎಂಸಿಬಿ ಇರುವುದು ವೈರನ್ನು ಕಾಯಲು, ಮನುಷ್ಯನನ್ನಲ್ಲ. ಲೋಡ್ ಹೆಚ್ಚಾದರೆ ಅಥವಾ ಫೇಸ್–ನ್ಯೂಟ್ರಲ್ ನೇರವಾಗಿ ಸೇರಿದರೆ ಅದು ಬೀಳುತ್ತದೆ. ಗೀಸರಿನ ಕಾಯಿಲ್ ಒಡೆದು ನೀರಿಗೆ ಕರೆಂಟ್ ಬಂದಾಗ, ವಾಷಿಂಗ್ ಮಷೀನಿನ ಹೊರಮೈಗೆ ಫೇಸ್ ತಾಗಿದಾಗ ಅದು ಬೀಳಲೇಬೇಕೆಂದಿಲ್ಲ. ‘ಅರ್ಥಿಂಗ್ ಚೆನ್ನಾಗಿದೆಯಲ್ಲ, ಬೀಳುತ್ತೆ’ ಎಂದು ಎಷ್ಟೋ ಎಲೆಕ್ಟ್ರಿಷಿಯನ್ನರೂ ನಂಬಿದ್ದಾರೆ. ಲೆಕ್ಕ ಹಾಕಿ ನೋಡೋಣ. ಮನೆಯ ಅರ್ಥ್ ಗುಂಡಿಯ ರೋಧ 5 ಓಮ್, ಟ್ರಾನ್ಸ್‌ಫಾರ್ಮರ್ ಬಳಿಯ ಅರ್ಥ್ 2 ಓಮ್ ಎಂದಿಟ್ಟುಕೊಳ್ಳಿ. ಮನೆ ಮಟ್ಟಿಗೆ ಇದು ಒಳ್ಳೆಯ ಅರ್ಥಿಂಗೇ. ಗೀಸರ್ ಮೈಗೆ ಫೇಸ್ ತಾಗಿದರೆ 230 ವೋಲ್ಟನ್ನು 7ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 33 ಆಂಪಿಯರ್ ಹರಿಯುತ್ತದೆ. ಆದರೆ ‘ಸಿ’ ಮಾದರಿಯ 16 ಆಂಪಿಯರ್ ಎಂಸಿಬಿ ಥಟ್ಟನೆ ಬೀಳಬೇಕಾದರೆ ಅದರ 5ರಿಂದ 10 ಪಟ್ಟು, ಅಂದರೆ 80ರಿಂದ 160 ಆಂಪಿಯರ್ ಬೇಕು. 33 ಆಂಪಿಯರಿಗೆ ಅದು ಬಿಸಿಯಾಗಿ, ನಿಧಾನವಾಗಿ ಬೀಳುತ್ತದೆ. ಅಷ್ಟು ಹೊತ್ತೂ ಗೀಸರಿನ ಮೈ ಮೇಲೆ ಸುಮಾರು 165 ವೋಲ್ಟ್ ಇರುತ್ತದೆ.

ಬೇಸಿಗೆಯಲ್ಲಿ ಗುಂಡಿ ಒಣಗಿ ರೋಧ 20 ಓಮಿಗೆ ಏರಿತು ಅನ್ನಿ. ಆಗ ಹರಿಯುವುದು ಹತ್ತೂವರೆ ಆಂಪಿಯರ್. 16ರ ಎಂಸಿಬಿ ಅದನ್ನು ಮಾಮೂಲಿ ಲೋಡ್ ಎಂದೇ ತಿಳಿಯುತ್ತದೆ, ಬೀಳುವುದೇ ಇಲ್ಲ. ಗೀಸರಿನ ಮೈ ಮೇಲೆ 200 ವೋಲ್ಟಿಗೂ ಹೆಚ್ಚು. ಮೀಟರ್ ಬೇರೆ ಓಡುತ್ತಿರುತ್ತದೆ. ಕಾರಣ ಗೊತ್ತಾಗದೆ ಬಿಲ್ ಏರಿದ ಮನೆಗಳಲ್ಲಿ ಇದನ್ನೂ ಒಮ್ಮೆ ನೋಡಿಸಬೇಕು.

ಇಲ್ಲಿ ಕೆಲಸಕ್ಕೆ ಬರುವುದು ಆರ್‌ಸಿಸಿಬಿ ಮಾತ್ರ. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸು ಬಂತೇ ಎಂದು ಅದು ತಾಳೆ ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ 0.3 ಸೆಕೆಂಡಿನೊಳಗೆ ಬೀಳಬೇಕು. ಸೋರಿಕೆ ಅದರ ಐದು ಪಟ್ಟಾದರೆ 0.04 ಸೆಕೆಂಡಿನೊಳಗೆ. ಮನೆಗೆ ಬೇಕಾದದ್ದು 30 ಮಿಲಿಆಂಪಿಯರಿನದೇ. ಅಂಗಡಿಯಲ್ಲಿ 100, 300ರದ್ದೂ ಸಿಗುತ್ತವೆ, ‘ಅವು ಬೀಳೋದು ಕಡಿಮೆ’ ಎಂದು ಕೊಡುತ್ತಾರೆ. ಅವು ಬೆಂಕಿ ತಡೆಯಲು ಸರಿ, ಪ್ರಾಣ ಉಳಿಸಲು ಅಲ್ಲ. ಇನ್ವರ್ಟರ್ ಎಸಿ, ಹೊಸ ಬಗೆಯ ವಾಷಿಂಗ್ ಮಷೀನ್, ಇಂಡಕ್ಷನ್ ಒಲೆ ಇರುವ ಮನೆಗೆ ‘ಎಸಿ’ ಟೈಪ್ ಆರ್‌ಸಿಸಿಬಿ ಬದಲು ‘ಎ’ ಟೈಪಿನದನ್ನು ಕೇಳಿ ತರಬೇಕು. ಆ ಸಾಧನಗಳ ಸೋರಿಕೆ ಕರೆಂಟಿನ ರೂಪ ಬೇರೆ ಇರುವುದರಿಂದ ‘ಎಸಿ’ ಟೈಪ್ ಅದನ್ನು ಸರಿಯಾಗಿ ಹಿಡಿಯುವುದಿಲ್ಲ. ಇಷ್ಟಾಗಿಯೂ ಆರ್‌ಸಿಸಿಬಿ ಓವರ್‌ಲೋಡಿಗೆ ಬೀಳದು. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದು ಒಣ ಮರದ ಸ್ಟೂಲಿನ ಮೇಲೆ ನಿಂತವನನ್ನು ಅದು ಬಲ್ಬು ಎಂದೇ ಭಾವಿಸುತ್ತದೆ. ಹಾಗಾಗಿ ಎಂಸಿಬಿ, ಆರ್‌ಸಿಸಿಬಿ ಎರಡೂ ಬೇಕು.

ಇನ್ನು ಲೋಡ್ ವಿಚಾರ. ಡಿಬಿ ಖರೀದಿಸುವ ಮುಂಚೆ ಒಂದು ಹಾಳೆಯಲ್ಲಿ ಮನೆಯ ಸಾಮಾನುಗಳನ್ನೂ ಅವುಗಳ ವ್ಯಾಟುಗಳನ್ನೂ ಬರೆಯಬೇಕು. ಬೆಳಗ್ಗೆ ಏಳು ಗಂಟೆಯ ಸ್ಥಿತಿ ನೋಡಿ: ಗೀಸರ್ 2000, ಇಂಡಕ್ಷನ್ 2000, ಒಂದು ಎಚ್‌ಪಿ ಸಂಪ್ ಮೋಟಾರ್ ಸುಮಾರು 1100, ಮಿಕ್ಸಿ 750, ಫ್ರಿಜ್ಜು 200, ಫ್ಯಾನು–ದೀಪ 200. ಒಟ್ಟು 6250 ವ್ಯಾಟ್, ಅಂದರೆ ಸುಮಾರು 27 ಆಂಪಿಯರ್. ಅದೇ ಮನೆಯ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ; ಹಳೆಯ ಸಂಪರ್ಕಗಳಲ್ಲಿ ಬಹುತೇಕ 1 ಅಥವಾ 2 ಕಿಲೋವ್ಯಾಟ್. ಲೋಡ್ ಏರಿಸಿದರೆ ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ಏರುತ್ತದೆ ಎಂಬ ಕಾರಣಕ್ಕೆ ಜನ ಸುಮ್ಮನಿರುತ್ತಾರೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಯೂನಿಟ್ಟಿನ ಲೆಕ್ಕ ಎಲ್ಲರ ಬಾಯಲ್ಲೂ ಇದೆ, ಕಿಲೋವ್ಯಾಟಿನ ಲೆಕ್ಕ ಯಾರ ಬಾಯಲ್ಲೂ ಇಲ್ಲ. ಎಸ್ಕಾಂಗಳು 25, 63, 100 ಕೆವಿಎ ಟ್ರಾನ್ಸ್‌ಫಾರ್ಮರ್ ಹಾಕುವುದು ಮಂಜೂರಾದ ಲೋಡ್ ನೋಡಿಕೊಂಡೇ. ಬೀದಿಯವರೆಲ್ಲ 2 ಕಿಲೋವ್ಯಾಟ್ ಬರೆಸಿ 6 ಎಳೆದರೆ ಸಂಜೆ ವೋಲ್ಟೇಜ್ ಕುಸಿಯುತ್ತದೆ, ಕುಸಿದ ವೋಲ್ಟೇಜಿನಲ್ಲಿ ಮೋಟಾರ್ ಹೆಚ್ಚು ಕರೆಂಟ್ ಎಳೆದು ಸುಟ್ಟುಹೋಗುತ್ತದೆ. ಆಮೇಲೆ ಬೈಗುಳ ಲೈನ್‌ಮನ್‌ಗೆ. ಆದ್ದರಿಂದ ಡಿಬಿಗೆ ಕೈ ಹಾಕುವ ಮೊದಲೇ ಲೋಡ್ ಹೆಚ್ಚಳಕ್ಕೆ ಅರ್ಜಿ ಕೊಡಬೇಕು. ಸರ್ವಿಸ್ ವೈರ್, ಮೀಟರ್ ಬದಲಾಗಬೇಕೇ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

ವೈರಿಗೆ ತಕ್ಕ ಎಂಸಿಬಿ, ಲೋಡಿಗೆ ತಕ್ಕ ವೈರು. ಈ ಕ್ರಮ ತಿರುಗಿಸಬಾರದು. ಪೈಪಿನೊಳಗಿನ ತಾಮ್ರದ ಒಂದೂವರೆ ಚದರ ಮಿಮೀ ವೈರು ಸುಮಾರು 14 ಆಂಪಿಯರ್, ಎರಡೂವರೆಯದು 19–20, ನಾಲ್ಕರದು 26, ಆರರದು 33ರ ಆಸುಪಾಸು ತಡೆಯುತ್ತದೆ. ದೀಪ–ಫ್ಯಾನಿಗೆ ಒಂದೂವರೆ ವೈರು, 6 ಅಥವಾ 10ರ ಎಂಸಿಬಿ. 2 ಕಿಲೋವ್ಯಾಟ್ ಗೀಸರಿಗೆ ಎರಡೂವರೆ ವೈರು, 16ರ ಎಂಸಿಬಿ. 3 ಕಿಲೋವ್ಯಾಟಿನದಾದರೆ ನಾಲ್ಕರ ವೈರು, 20ರ ಎಂಸಿಬಿ. ಒಂದೂವರೆ ಟನ್ ಎಸಿಗೂ ನಾಲ್ಕರದೇ ಸರಿ. ಇಂಡಕ್ಷನ್ ಒಲೆಗೆ ಡಿಬಿಯಿಂದಲೇ ಪ್ರತ್ಯೇಕ ಲೈನ್ ಬರಬೇಕು. ಅಡುಗೆಮನೆಯ ಒಂದೇ ಸ್ವಿಚ್ ಬೋರ್ಡಿನಲ್ಲಿ ಇಂಡಕ್ಷನ್, ಓವನ್, ಗ್ರೈಂಡರ್ ಮೂರೂ ಲೂಪ್ ಆಗಿರುವುದೇ ಸಾಕೆಟ್ಟುಗಳು ಕಪ್ಪಾಗಲು ಕಾರಣ. ಎಲೆಕ್ಟ್ರಿಕ್ ಸ್ಕೂಟರ್, ಕಾರು ಚಾರ್ಜ್ ಮಾಡುವವರೂ ಗಮನಿಸಬೇಕು. 3.3 ಕಿಲೋವ್ಯಾಟ್ ಚಾರ್ಜರ್ 14–15 ಆಂಪಿಯರನ್ನು ಗಂಟೆಗಟ್ಟಲೆ ಒಂದೇ ಸಮ ಎಳೆಯುತ್ತದೆ. ಗೀಸರಿನಂತೆ ಹತ್ತು ನಿಮಿಷಕ್ಕೆ ನಿಲ್ಲುವುದಿಲ್ಲ. ಅದಕ್ಕೆ ನಾಲ್ಕರ ವೈರಿನ ಪ್ರತ್ಯೇಕ ಲೈನ್, ಪ್ರತ್ಯೇಕ ಆರ್‌ಸಿಸಿಬಿ ಬೇಕು.

ಎಂಸಿಬಿ ಪದೇ ಪದೇ ಬಿದ್ದರೆ ದೊಡ್ಡದು ಹಾಕುವ ಚಾಳಿಯ ಬಗ್ಗೆ ಹೇಳಲೇಬೇಕು. ಎಂಸಿಬಿ ತನ್ನ ಮೇಲೆ ಬರೆದ ಆಂಪಿಯರ್ ದಾಟಿದ ಕೂಡಲೇ ಬೀಳುವುದಿಲ್ಲ. 1.13 ಪಟ್ಟಿನವರೆಗೆ ಒಂದು ಗಂಟೆ ಬೀಳಬಾರದು, 1.45 ಪಟ್ಟಾದರೆ ಒಂದು ಗಂಟೆಯೊಳಗೆ ಬೀಳಬೇಕು. ಮಾನಕ ಇರುವುದೇ ಹಾಗೆ. ಎರಡೂವರೆ ವೈರಿಗೆ 32ರ ಎಂಸಿಬಿ ಹಾಕಿದರೆ 20 ಆಂಪಿಯರಿನ ವೈರಿನಲ್ಲಿ 40 ಆಂಪಿಯರ್ ಬಹಳ ಹೊತ್ತು ಹರಿಯಬಹುದು. ಪಿವಿಸಿ ಹೊದಿಕೆ 70 ಡಿಗ್ರಿಯವರೆಗಿನದು. ಪೈಪಿನೊಳಗೆ ಅದು ಮೆತ್ತಗಾಗಿ ಒಂದಕ್ಕೊಂದು ಅಂಟುವುದು ಹೊರಗೆ ಕಾಣಿಸುವುದಿಲ್ಲ. ಎಂಸಿಬಿ ಬೀಳುತ್ತಿದ್ದರೆ ಲೋಡನ್ನು ಎರಡು ಲೈನಿಗೆ ಹಂಚಬೇಕು. ಮೋಟಾರ್ ಚಾಲೂ ಮಾಡಿದ ಕ್ಷಣಕ್ಕೆ ಮಾತ್ರ ಬೀಳುತ್ತಿದ್ದರೆ ಅಲ್ಲಿ ‘ಬಿ’ ಮಾದರಿ ಇದೆಯೇ ನೋಡಿ. ಅದು 3ರಿಂದ 5 ಪಟ್ಟಿಗೇ ಬೀಳುವಂಥದ್ದು, ಮೋಟಾರಿಗೆ ‘ಸಿ’ ಬೇಕು. ಎಂಸಿಬಿಯ ಮುಖದಲ್ಲೇ ‘ಸಿ16’ ಎಂಬಂತೆ ಬರೆದಿರುತ್ತದೆ. ಅದರ ಕೆಳಗೆ ಚೌಕದೊಳಗಿನ 10000 ಎಂಬ ಅಂಕಿ ಶಾರ್ಟ್ ಆದಾಗ ಅದು ಎಷ್ಟು ಆಂಪಿಯರನ್ನು ಸುರಕ್ಷಿತವಾಗಿ ಕಡಿಯಬಲ್ಲದು ಎಂಬುದು.

ಹಳೆ ವೈರಿಂಗಿನಲ್ಲಿ ಸಿಗುವ ತೊಂದರೆಗಳಲ್ಲಿ ನಾಲ್ಕನ್ನು ಹೇಳುತ್ತೇನೆ.

ನ್ಯೂಟ್ರಲ್‌ನಲ್ಲಿರುವ ಫ್ಯೂಸು ಮೊದಲನೆಯದು. ಹಿಂದಿನ ಡಬಲ್ ಪೋಲ್ ಮೇನ್ ಸ್ವಿಚ್ಚುಗಳಲ್ಲಿ ಫೇಸಿಗೊಂದು, ನ್ಯೂಟ್ರಲಿಗೊಂದು ಫ್ಯೂಸ್ ಇರುತ್ತಿತ್ತು. ನ್ಯೂಟ್ರಲ್ ಫ್ಯೂಸ್ ಹೋದರೆ ದೀಪ ಆರುತ್ತದೆ, ಆದರೆ ಇಡೀ ಮನೆಯ ವೈರಿಂಗ್ ಫೇಸಿನಲ್ಲೇ ಇರುತ್ತದೆ. ಕರೆಂಟ್ ಇಲ್ಲ ಎಂದು ಹೋಲ್ಡರಿಗೆ ಕೈ ಹಾಕಿದವನ ಗತಿ ಹೇಳಬೇಕಾಗಿಲ್ಲ. ಹೊಸ ಡಿಬಿ ಹಾಕುವಾಗ ಈ ಹಳೆ ಸ್ವಿಚ್ಚನ್ನು ‘ಇರಲಿ’ ಎಂದು ಹಿಂದೆಯೇ ಬಿಡುವವರಿದ್ದಾರೆ. ತೆಗೆಸಲೇಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೇ ಕಡಿಯುವ ಡಬಲ್ ಪೋಲ್ ಎಂಸಿಬಿ ಅಲ್ಲಿಗೆ ಬರಬೇಕು.

ಎರಡನೆಯದು ಅಲ್ಯೂಮಿನಿಯಂ ವೈರು. ಅಲ್ಯೂಮಿನಿಯಂಗೆ ತಾಮ್ರವನ್ನು ಹೊಸೆದು ಟೇಪ್ ಸುತ್ತಿದರೆ ಆ ಜಾಗದಲ್ಲಿ ಆಕ್ಸೈಡ್ ಕಟ್ಟುತ್ತದೆ, ತೇವಾಂಶ ಸೇರಿದರೆ ಲೋಹ ಸವೆಯುತ್ತದೆ, ಬಿಸಿ–ತಣ್ಣಗಾಗುವಾಗ ಹಿಗ್ಗಿ ಕುಗ್ಗಿ ಜಾಯಿಂಟ್ ಸಡಿಲವಾಗುತ್ತದೆ. ಸಡಿಲ ಜಾಯಿಂಟಿನ ಬಿಸಿಗೆ ಎಂಸಿಬಿಯೂ ಬೀಳದು, ಆರ್‌ಸಿಸಿಬಿಯೂ ಬೀಳದು. ಕರೆಂಟ್ ಹೆಚ್ಚಾಗಿಲ್ಲ, ಸೋರಿಯೂ ಇಲ್ಲ. ಅಲ್ಯೂಮಿನಿಯಂ ಇದ್ದ ಮನೆಯಲ್ಲಿ ಹಣ ಕಡಿಮೆ ಇದ್ದರೆ ಡಿಬಿಗಿಂತ ಮೊದಲು ಪವರ್ ಲೈನುಗಳ ವೈರ್ ಬದಲಿಸಿ ಎಂಬುದೇ ನನ್ನ ಸಲಹೆ. ಅಷ್ಟೂ ಆಗದಿದ್ದರೆ ಜೋಡಣೆಗೆ ಎರಡೂ ಲೋಹಕ್ಕೆ ಹೊಂದುವ ಬೈಮೆಟಾಲಿಕ್ ಲಗ್ಗು, ಕನೆಕ್ಟರುಗಳನ್ನೇ ಬಳಸಬೇಕು.

ಮೂರನೆಯದು ಹಂಚಿಕೊಂಡ ನ್ಯೂಟ್ರಲ್. ಆರ್‌ಸಿಸಿಬಿಗೆ ಕೆಟ್ಟ ಹೆಸರು ಬಂದಿರುವುದು ಬಹುಪಾಲು ಇದರಿಂದ. ಮೆಟ್ಟಿಲಿನ ಟೂ ವೇ ಸ್ವಿಚ್ಚಿಗೆ ಕೆಳಗಿನ ಫೇಸ್, ಮೇಲಿನ ನ್ಯೂಟ್ರಲ್. ಹೊಸ ರೂಮು ಕಟ್ಟಿದಾಗ ಪಕ್ಕದ ಬೋರ್ಡಿನಿಂದ ಎಳೆದ ನ್ಯೂಟ್ರಲ್. ಫ್ಯೂಸಿನ ಕಾಲದಲ್ಲಿ ಇದೆಲ್ಲ ನಡೆಯುತ್ತಿತ್ತು. ಎರಡು ಆರ್‌ಸಿಸಿಬಿ ಹಾಕಿದ ಮನೆಯಲ್ಲಿ ಒಂದರ ಫೇಸ್ ಇನ್ನೊಂದರ ನ್ಯೂಟ್ರಲ್‌ನಲ್ಲಿ ಹೋದರೆ ದೀಪ ಹಾಕಿದ ಕೂಡಲೇ ಬೀಳುತ್ತದೆ. ಎಲ್ಲೋ ನ್ಯೂಟ್ರಲ್ ಅರ್ಥಿಗೆ ತಾಗಿದ್ದರೂ ಬೀಳುತ್ತದೆ. ಅರ್ಥ್ ಇಲ್ಲದ ಕಡೆ ಮೂರನೇ ಪಿನ್ನಿಗೆ ನ್ಯೂಟ್ರಲನ್ನೇ ಕೊಟ್ಟಿರುವ ಮಹಾಶಯರೂ ಇದ್ದಾರೆ. ಆ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಫ್ರಿಜ್ಜಿನ ಬಾಗಿಲಿಗೇ 230 ವೋಲ್ಟ್ ಬರುತ್ತದೆ. ಇವೆಲ್ಲವನ್ನೂ ಹುಡುಕುವ ದಾರಿ ಒಂದೇ. ಮೇನ್ ಆಫ್ ಮಾಡಿ ಎಲ್ಲ ನ್ಯೂಟ್ರಲ್‌ಗಳನ್ನೂ ಅವು ಸೇರುವ ಲೋಹದ ಪಟ್ಟಿಯಿಂದ, ಅಂದರೆ ಬಾರಿನಿಂದ, ಬಿಚ್ಚಬೇಕು, ಪ್ಲಗ್ಗುಗಳನ್ನೆಲ್ಲ ಕೀಳಬೇಕು, ವೈರಿನ ಹೊದಿಕೆಯ ರೋಧ ಅಳೆಯುವ 500 ವೋಲ್ಟಿನ ಮೆಗ್ಗರಿನಿಂದ ಪ್ರತಿ ಲೈನಿನ ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್ ನಡುವೆ ಅಳೆಯಬೇಕು. ಒಂದು ಮೆಗಾಓಮಿಗಿಂತ ಕಡಿಮೆ ಬಂದ ಲೈನನ್ನು ಸರಿಪಡಿಸದೆ ಜೋಡಿಸಬಾರದು. ಆಮೇಲೆ ಒಂದೊಂದೇ ಲೈನ್ ಸೇರಿಸಿ, ಲೋಡ್ ಕೊಟ್ಟು ನೋಡುತ್ತ ಬರಬೇಕು. ಒಂದಿಡೀ ದಿನ ಹಿಡಿಯುವ ಈ ಕೆಲಸಕ್ಕೆ ಮನೆಯವರು ಕೂಲಿ ಕೊಡಲು ಒಪ್ಪದಿರುವುದೇ ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿ ಹೋಗುವುದಕ್ಕೆ ಮುಖ್ಯ ಕಾರಣ. ತಪ್ಪು ಎಲೆಕ್ಟ್ರಿಷಿಯನ್ನನದು ಮಾತ್ರ ಅಲ್ಲ.

ನಾಲ್ಕನೆಯದು ಯುಪಿಎಸ್. ಹೆಚ್ಚಿನ ಮನೆಗಳಲ್ಲಿ ಯುಪಿಎಸ್‌ನಿಂದ ಫೇಸ್ ಮಾತ್ರ ಬೇರೆ, ನ್ಯೂಟ್ರಲ್ ಎಲ್ಲಕ್ಕೂ ಒಂದೇ. ಯುಪಿಎಸ್‌ಗೆ ಕರೆಂಟ್ ಯಾವ ಆರ್‌ಸಿಸಿಬಿಯ ನಂತರ ಹೋಗಿದೆಯೋ ಆ ದೀಪಗಳ ನ್ಯೂಟ್ರಲ್ ಅದೇ ಆರ್‌ಸಿಸಿಬಿಯ ಬಾರಿಗೆ ಬರಬೇಕು, ಇಲ್ಲವಾದರೆ ಆರ್‌ಸಿಸಿಬಿ ನಿಲ್ಲದೆ ಬೀಳುತ್ತಿರುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಕರೆಂಟ್ ಹೋದಾಗ ಯುಪಿಎಸ್ ತಾನೇ ಕರೆಂಟ್ ಕೊಡುತ್ತಿರುವುದರಿಂದ ಹಿಂದಿರುವ ಆರ್‌ಸಿಸಿಬಿ ಆ ಲೈನಿಗೆ ರಕ್ಷಣೆ ಕೊಡುವುದಿಲ್ಲ. ಯುಪಿಎಸ್ ಔಟ್‌ಪುಟ್‌ಗೆ ಬೇರೆ ಆರ್‌ಸಿಸಿಬಿ ಹಾಕಬೇಕು. ಮೇನ್ ಆಫ್ ಮಾಡಿ ಕೆಲಸಕ್ಕೆ ಇಳಿಯುವ ಎಲೆಕ್ಟ್ರಿಷಿಯನ್ನರು ಯುಪಿಎಸ್ಸನ್ನೂ ಆಫ್ ಮಾಡಬೇಕು. ಮರೆತರೆ ಬೋರ್ಡಿನಲ್ಲಿ 230 ವೋಲ್ಟ್ ಹಾಗೇ ಇರುತ್ತದೆ.

ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಸಾಲದು. ಕಂಪ್ಯೂಟರ್, ಟಿವಿ, ಎಲ್‌ಇಡಿ ಡ್ರೈವರ್, ವಾಷಿಂಗ್ ಮಷೀನ್ ಇವೆಲ್ಲ ಕೆಡದೇ ಇದ್ದಾಗಲೂ ಅಷ್ಟಿಷ್ಟು ಸೋರುತ್ತವೆ. ಎಲ್ಲ ಸೇರಿ 15 ಮಿಲಿಆಂಪಿಯರ್ ದಾಟಿದರೆ 30ರದ್ದು ಬೀಳುವ ಸಾಧ್ಯತೆ ಶುರುವಾಗುತ್ತದೆ, ಏಕೆಂದರೆ ಮಾನಕದ ಪ್ರಕಾರ ಅದು 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಗೀಸರ್, ವಾಷಿಂಗ್ ಮಷೀನ್, ಮೋಟಾರ್, ಹೊರಗಿನ ದೀಪಗಳಿಗೆ ಒಂದು. ಅಡುಗೆಮನೆ, ರೂಮುಗಳಿಗೆ ಇನ್ನೊಂದು. ಫ್ರಿಜ್ಜಿಗೆ ಸಾಧ್ಯವಾದರೆ ಎಂಸಿಬಿ, ಆರ್‌ಸಿಸಿಬಿ ಎರಡರ ಕೆಲಸವನ್ನೂ ಮಾಡುವ ಆರ್‌ಸಿಬಿಒ. ಊರಿಗೆ ಹೋದಾಗ ಹೊರಗಿನ ದೀಪಕ್ಕೆ ಮಳೆನೀರು ನುಗ್ಗಿ ಒಂದು ಬಿದ್ದರೂ ಫ್ರಿಜ್ಜು ಓಡುತ್ತಿರುತ್ತದೆ. ಆರ್‌ಸಿಸಿಬಿಯ ಆಂಪಿಯರ್ ಮೇನ್ ಎಂಸಿಬಿಗಿಂತ ಕಡಿಮೆ ಇರಬಾರದು: ಮೇನ್ 32 ಆದರೆ ಆರ್‌ಸಿಸಿಬಿ 40. ಮೀಟರಿನಿಂದ ಡಿಬಿಗೆ ಬರುವ ವೈರು 32ರ ಮೇನಿಗೆ ಆರಕ್ಕಿಂತ ಹತ್ತು ಚದರ ಮಿಮೀ ಇದ್ದರೆ ಒಳ್ಳೆಯದು. ಡಿಬಿ ತರುವಾಗ ಮೇನ್, ಆರ್‌ಸಿಸಿಬಿಗಳಿಗೆ ತಲಾ ಎರಡು ಜಾಗ ಹೋಗುತ್ತವೆ ಎಂಬುದನ್ನು ಲೆಕ್ಕಕ್ಕೆ ಹಿಡಿದು, ಮುಂದಕ್ಕೆ ಎರಡು ಮೂರು ಜಾಗ ಖಾಲಿ ಉಳಿಯುವಷ್ಟು ದೊಡ್ಡದನ್ನೇ ತರಬೇಕು. ಆರ್‌ಸಿಸಿಬಿ ಎಷ್ಟೋ ಅಷ್ಟು ನ್ಯೂಟ್ರಲ್ ಬಾರುಗಳು ಒಳಗೆ ಬೇಕು. ಮೇನಿನಿಂದ ಎಂಸಿಬಿಗಳಿಗೆ ತುಂಡು ವೈರುಗಳಿಂದ ಲೂಪ್ ಮಾಡುವುದಕ್ಕಿಂತ ಬಸ್‌ಬಾರ್ (ಎಲ್ಲವನ್ನೂ ಸೇರಿಸುವ ಲೋಹದ ಪಟ್ಟಿ) ವಾಸಿ. ಒಂದೇ ಸ್ಕ್ರೂ ಕೆಳಗೆ ಮೂರು ವೈರು ತುರುಕಿದ ಡಿಬಿಗಳೇ ಮೊದಲು ಸುಡುವುದು. ಸ್ನಾನದ ಮನೆಯ ಗೋಡೆ, ಒಲೆಯ ಮೇಲ್ಭಾಗ, ಬೀಗ ಹಾಕುವ ಕಪಾಟಿನ ಒಳಗೆ ಡಿಬಿ ಬೇಡ.

ಮೂರು ಫೇಸಿನ ಮನೆಗಳಿಗೆ ಒಂದು ಮಾತು. ಕಂಬದಿಂದ ಬರುವ ನ್ಯೂಟ್ರಲ್ ಕಡಿದರೆ ಕಡಿಮೆ ಲೋಡ್ ಇರುವ ಫೇಸಿನ ಸಾಮಾನುಗಳಿಗೆ 230 ಬದಲು 400ರ ಹತ್ತಿರ ವೋಲ್ಟ್ ಹೋಗಬಹುದು. ಗಾಳಿಮಳೆಗೆ ಮರ ಬಿದ್ದ ಸಂಜೆ ಬೀದಿಯ ಟಿವಿ, ಫ್ರಿಜ್ಜುಗಳೆಲ್ಲ ಒಟ್ಟಿಗೇ ಹೋಗುವುದು ಹೀಗೆ. ವೋಲ್ಟೇಜ್ ಏರಿದರೆ, ಇಳಿದರೆ ಕಡಿಯುವ ಸಾಧನ ಡಿಬಿಯಲ್ಲೇ ಕೂರಿಸಲು ಸಿಗುತ್ತದೆ. ಮಲೆನಾಡು, ಕರಾವಳಿಯಲ್ಲಿ ಸಿಡಿಲಿನಿಂದ ಏರುವ ವೋಲ್ಟೇಜನ್ನು ನೆಲಕ್ಕಿಳಿಸುವ ಟೈಪ್ 2 ಎಸ್‌ಪಿಡಿಯೂ ಸೇರಲಿ. ಅದರ ವೈರುಗಳು ಒಟ್ಟು ಅರ್ಧ ಮೀಟರ್ ದಾಟಬಾರದು, ಸುತ್ತಿ ಬಳಸಿ ಎಳೆದರೆ ಪ್ರಯೋಜನವಿಲ್ಲ.

ಅರ್ಥ್ ಗುಂಡಿಯನ್ನು ಹೊಸದಾಗಿ ಮಾಡಿಸುವುದಾದರೆ 40 ಮಿಮೀ ವ್ಯಾಸದ, ಎರಡೂವರೆ ಮೀಟರಿಗೆ ಕಡಿಮೆಯಿಲ್ಲದ ಜಿಐ ಪೈಪು, ಸುತ್ತ ಇದ್ದಿಲು–ಉಪ್ಪು, ಮೇಲೆ ಮುಚ್ಚಳವಿರುವ ಚೇಂಬರ್. ಉಪ್ಪು ಹೆಚ್ಚು ಸುರಿದಷ್ಟೂ ಪೈಪು ಬೇಗ ತುಕ್ಕು ಹಿಡಿಯುತ್ತದೆ. ಬೇಸಿಗೆಯಲ್ಲಿ ನೀರು ಹಾಕಬೇಕು. ಬಚ್ಚಲ ನೀರು ಹರಿಯುವ ಪಕ್ಕದ ಜಾಗ ಆರಿಸಿಕೊಂಡರೆ ಆ ಚಿಂತೆಯೂ ಕಡಿಮೆ. ನಲ್ಲಿಯ ಪೈಪಿಗೆ ಅರ್ಥ್ ಕಟ್ಟುವ ಪದ್ಧತಿ ಈಗ ಬೇಡವೇ ಬೇಡ. ಅರ್ಧ ದಾರಿಯಲ್ಲಿ ಪ್ಲಾಸ್ಟಿಕ್ ಪೈಪ್ ಸೇರಿರುತ್ತದೆ, ಕರೆಂಟ್ ನೆಲಕ್ಕಿಳಿಯದೆ ನಲ್ಲಿಗೇ ಬರುತ್ತದೆ.

ಬಟ್ಟೆ ಒಣಹಾಕುವ ತಂತಿಯಿಂದ ಆಗುವ ಸಾವುಗಳನ್ನು ಇಷ್ಟೆಲ್ಲ ಮಾಡಿದರೂ ಪೂರ್ತಿ ತಡೆಯಲಾಗದು. ಕಂಬದಿಂದ ಮೀಟರಿಗೆ ಬರುವ ಸರ್ವಿಸ್ ವೈರಿನ ಹೊದಿಕೆ ತಗಡಿಗೆ, ಕಬ್ಬಿಣದ ಕಂಬಿಗೆ ಉಜ್ಜಿ, ಅಲ್ಲಿಗೆ ಕಟ್ಟಿದ ತಂತಿಗೆ ಕರೆಂಟ್ ಇಳಿದರೆ ಅದು ಡಿಬಿಗೆ ಮೊದಲೇ ಆಗುವ ಸೋರಿಕೆ, ಮನೆಯ ಆರ್‌ಸಿಸಿಬಿಗೆ ಅದು ಕಾಣುವುದೇ ಇಲ್ಲ. ತಂತಿಯ ಬದಲು ನೈಲಾನ್ ಹಗ್ಗ ಕಟ್ಟಿ, ಸರ್ವಿಸ್ ವೈರ್ ಬದಲಿಸಲು 1912ಕ್ಕೆ ದೂರು ಕೊಡಬೇಕು.

ಈಗ ಇಲಾಖೆಗಳಿಗೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಸೋರಿಕೆ ರಕ್ಷಣೆಯ ಸಾಧನದ ಬಗ್ಗೆ 2010ರಿಂದಲೇ ಹೇಳುತ್ತಿವೆ. ಸಣ್ಣಪುಟ್ಟ ಬದಲಾವಣೆ ಬಿಟ್ಟರೆ ವೈರಿಂಗ್ ಕೆಲಸವನ್ನು ಪರವಾನಗಿ ಇರುವ ಗುತ್ತಿಗೆದಾರರೇ ಮಾಡಬೇಕು ಎಂದೂ ಇದೆ. ನಮ್ಮಲ್ಲಿ ಆ ಪರವಾನಗಿ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಕಾಗದದಲ್ಲಿ ಎಲ್ಲ ಸರಿಯಿದೆ. ನಡೆಯುವುದು ಬೇರೆ: ಮನೆಯ ಹೊಸ್ತಿಲು ತುಳಿಯದ ಗುತ್ತಿಗೆದಾರನ ಸಹಿ ಕಂಪ್ಲೀಷನ್ ರಿಪೋರ್ಟಿನ ಮೇಲೆ ಬೀಳುತ್ತದೆ. ಲೋಡ್ ಹೆಚ್ಚಳದ ಅರ್ಜಿಯ ಜೊತೆ ಮೆಗ್ಗರ್ ಅಳತೆ, ಅರ್ಥ್ ರೋಧದ ಅಳತೆ, ಆರ್‌ಸಿಸಿಬಿ ಹಾಕಿದ ಡಿಬಿಯ ಫೋಟೊ, ಇಷ್ಟು ಮೂರನ್ನು ಎಸ್ಕಾಂಗಳು ಕಡ್ಡಾಯವಾಗಿ ಕೇಳಲಿ. ಉಚಿತ ಯೂನಿಟ್ಟಿಗೆ ಸರ್ಕಾರ ಇಷ್ಟು ಖರ್ಚು ಮಾಡುವಾಗ ಬಡವರ ಒಂದೆರಡು ರೂಮಿನ ಮನೆಗೆ ಒಂದು ಆರ್‌ಸಿಸಿಬಿ ಕೊಡುವುದು ಭಾರವಾಗಲಾರದು. ಅದರ ಬೆಲೆ ಒಳ್ಳೆಯ ಮಿಕ್ಸಿಗಿಂತ ಕಡಿಮೆ. ಅಂಥ ಮನೆಗಳಲ್ಲಿ ಅರ್ಥ್ ಇಲ್ಲದಿದ್ದರೂ ಆರ್‌ಸಿಸಿಬಿ ಕೆಲಸ ಮಾಡುತ್ತದೆ. ಮುಟ್ಟಿದವನಿಗೆ ಶಾಕ್ ತಗಲಿದ ಮೇಲೆ ಬೀಳುತ್ತದೆ ನಿಜ, ಆದರೆ ಬೀಳುತ್ತದೆ.

ಮಾಡಿಸುವವರು ಕೊನೆಗೆ ನೋಡಬೇಕಾದದ್ದು ಇಷ್ಟು. ಎಂಸಿಬಿ ಮೇಲೆ ಐಎಸ್‌/ಐಇಸಿ 60898, ಆರ್‌ಸಿಸಿಬಿ ಮೇಲೆ ಐಎಸ್ 12640, ವೈರಿನ ಮೇಲೆ ಐಎಸ್ 694 ಇರಬೇಕು. ಐಎಸ್‌ಐ ಗುರುತಿನ ಜೊತೆಗಿರುವ ಲೈಸೆನ್ಸ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಅಸಲಿಯೇ ಎಂದು ನೋಡಬಹುದು. ಮೀಟರಿನ ಸೀಲನ್ನು ಎಸ್ಕಾಂನವರಲ್ಲದೆ ಯಾರೂ ಮುಟ್ಟಬಾರದು, ಸಪ್ಲೈ ಕಡಿಸಲು ಅವರನ್ನೇ ಕರೆಯಬೇಕು. ಡಿಬಿ ಬಾಗಿಲಿನ ಒಳಗೆ ಯಾವ ಎಂಸಿಬಿ ಯಾವುದಕ್ಕೆ ಎಂದು ಕನ್ನಡದಲ್ಲಿ ಬರೆಸಿ ಅಂಟಿಸಿ. ಕೆಲಸ ಮುಗಿದ ಮೇಲೆ ಆರ್‌ಸಿಸಿಬಿಯ ‘ಟಿ’ ಗುಂಡಿ ಒತ್ತಿದರೆ ಬೀಳಬೇಕು. ಅದು ಆ ಸಾಧನ ಸರಿಯಿದೆ ಎಂದಷ್ಟೇ ಹೇಳುತ್ತದೆ, ಸಾಕೆಟ್ಟಿನ ಅರ್ಥಿನ ಬಗ್ಗೆ ಅಲ್ಲ. ಹಾಗಾಗಿ ಎಲೆಕ್ಟ್ರಿಷಿಯನ್ನನಿಂದಲೇ ಪ್ರತಿ ಸಾಕೆಟ್ಟಿನಲ್ಲೂ ಫೇಸ್–ಅರ್ಥ್ ನಡುವೆ 100 ವ್ಯಾಟಿನ ಟೆಸ್ಟ್ ಲ್ಯಾಂಪ್ ಹಿಡಿಸಿ ನೋಡಿ. ಆರ್‌ಸಿಸಿಬಿ ಥಟ್ಟನೆ ಬೀಳಬೇಕು. ಬೀಳದೆ ಬಲ್ಬು ಉರಿದರೆ ಆ ಲೈನ್ ಆರ್‌ಸಿಸಿಬಿ ತಪ್ಪಿಸಿ ಬಂದಿದೆ, ಇಲ್ಲವೇ ಮೂರನೇ ಪಿನ್ನಿಗೆ ನ್ಯೂಟ್ರಲನ್ನೇ ಕೊಟ್ಟಿದ್ದಾರೆ. ಬೀಳಲೂ ಇಲ್ಲ, ಉರಿಯಲೂ ಇಲ್ಲವೆಂದರೆ ಆ ಸಾಕೆಟ್ಟಿಗೆ ಅರ್ಥೇ ಇಲ್ಲ. ಎಲ್ಲ ಸಾಕೆಟ್ಟುಗಳೂ ಈ ಪರೀಕ್ಷೆ ದಾಟುವ ತನಕ ಕೂಲಿಯ ಬಾಕಿ ಹಣ ಕೊಡಬೇಡಿ.

– ಒಬ್ಬ ವಿದ್ಯುತ್ ಗುತ್ತಿಗೆದಾರ, ಶಿವಮೊಗ್ಗ